ಹದಿನಾರು ಮನೆಗಳಿಗೂ ಸರಿ ಗುರುತು

ಜೂನ್ ೪, ಬೆಳಿಗ್ಗೆ ೭.೩೦

ಹೊದಿಕೆಗಳನ್ನು ಕೆಳಗಿನ ಕೋಣೆಯ ಒಗೆಯುವ ಯಂತ್ರಕ್ಕೆ ಹಾಕಿ ಬಂದೆ. ಅದನ್ನು ನಡೆಸಲು ಹಾಕುವ ಹಿತ್ತಾಳೆ ಬಿಲ್ಲೆ ಎಂದಿನಂತೆ ನಡುವೆ ಸಿಕ್ಕಿಕೊಂಡಿತು; ಎಂದಿನಂತೆ ಅಂಗೈಯಿಂದ ಒಂದು ಏಟು. ಹನ್ನೊಂದು ವರ್ಷಗಳ ಅಭ್ಯಾಸ. ಈ ವಾರ ಇದಕ್ಕೆ ಬೀಳ್ಕೊಡುಗೆ. ಹೊಸ ವಾಷಿಂಗ್ ಮಷಿನ್ ಬರಲಿದೆ — ಬಿಲ್ಲೆ ಬೇಡ, ಫೋನಿನಿಂದಲೇ ಬಾಗಿಲು ತೆರೆಯುವುದು, ಫೋನಿನಿಂದಲೇ ಹಣ ಕೊಡುವುದು.

ಮೆಟ್ಟಿಲಲ್ಲಿ ಕಟ್ಟಡದ ಕಾರ್ಯದರ್ಶಿ ಎದುರಾದರು. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಮನುಷ್ಯನಿಗಿಂತ ಮೊದಲು ಸದ್ದು ಬರುತ್ತದೆ.

"ಟೀಚರ್, ಹದಿನಾರು ಮನೇಲಿ ಅರ್ಧ ಜನಕ್ಕೆ ಈ ಫೋನಿನ ವಿದ್ಯೆ ಬರಲ್ಲ. ಸೂಚನೆ ನೀವೇ ಬರೀಬೇಕು, ಕಲಿಸೋದೂ ನೀವೇ. ನೀವು ನಿಂತ್ರೆ ಎಲ್ಲರೂ ತೆಪ್ಪಗೆ ಕಲೀತಾರೆ."

ನಿವೃತ್ತಳಾಗಿ ಒಂಬತ್ತು ವರ್ಷ. ಒಪ್ಪಿಕೊಂಡೆ. ಹಿಗ್ಗಿದೆ ಎಂದು ಇಲ್ಲಿಯಾದರೂ ಬರೆಯಬಹುದು.

ಜೂನ್ ೮

ಯಂತ್ರ ಬಂದಿತು. ಕೂರಿಸಿದ ಮೆಕ್ಯಾನಿಕ್ ವಾಚಾಳಿ, ಕೆಲಸದಲ್ಲಿ ಚೊಕ್ಕ. ನನ್ನ ಸೂಚನಾ ಪತ್ರ ಓದಿ ತಲೆ ಕೆರೆದುಕೊಂಡ. ಹನ್ನೆರಡು ಹಂತಗಳು, ನಾಲ್ಕು ಸಲ ತಿದ್ದಿದ ಬರಹ, ಒಂದು ಅಲ್ಪವಿರಾಮವೂ ತನ್ನ ಜಾಗ ತಪ್ಪಿಲ್ಲ.

"ಟೀಚರ್, ಬಟ್ಟೆ ಒಗೆಯೋಕೂ ಪರೀಕ್ಷೆ ಇಟ್ಟುಬಿಟ್ರಲ್ಲ! ಸುಲಭದ್ದು ಇನ್ನೊಂದಿದೆ. ಕಾರ್ಡ್ ಕೊಡ್ತೀವಿ. ಯಾರಾದ್ರೂ ಒಬ್ಬರ ಫೋನಿಂದ ಅದಕ್ಕೆ ದುಡ್ಡು ತುಂಬಿದ್ರೆ ಆಯ್ತು. ಫೋನ್ ಬಾರದವರು ಕಾರ್ಡ್ ತಾಗಿಸಿದ್ರೆ ಸಾಕು, ಬಾಗಿಲು ತೆಗೆಯುತ್ತೆ. ಆ್ಯಪ್ಪೂ ಬೇಡ, ಪಾಸ್‌ವರ್ಡೂ ಬೇಡ."

ಬೇಡವೆಂದೆ. ಅರವತ್ತೇಳರಲ್ಲಿ ನಾನು ಕಲಿಯಲಿಲ್ಲವೇ? ಒಬ್ಬರ ಫೋನಿನ ಆಸರೆಯಲ್ಲಿ ಇನ್ನೊಬ್ಬರು ನಡೆಯುವುದೆಂದರೆ ಪಕ್ಕದವರ ಉತ್ತರ ನೋಡಿ ಬರೆದಂತೆ. ನನ್ನ ತರಗತಿಯಲ್ಲಿ ಅದಕ್ಕೆ ಎಂದೂ ಜಾಗವಿರಲಿಲ್ಲ. "ಕಾರ್ಡ್ ಅನಗತ್ಯ, ಎಲ್ಲರಿಗೂ ಕಲಿಸಲಾಗುವುದು" ಎಂದು ಬರೆದು, ಸಹಿ ಹಾಕಿ, ಕಾರ್ಯದರ್ಶಿಗೆ ಕೊಟ್ಟೆ.

ಜೂನ್ ೧೧, ಸಂಜೆ

ಹದಿಮೂರು ಮನೆಗಳು ಮುಗಿದವು. ಪಟ್ಟಿಯಲ್ಲಿ ಹದಿಮೂರು ಕೆಂಪು ಸರಿ ಗುರುತು. ಎದುರು ಮನೆಯ ಹೊಲಿಗೆಯವಳು ಮಾತ್ರ ಬಹಳ ಹಿಂದೆ. ಇಪ್ಪತ್ತೆರಡು ವರ್ಷಗಳ ನೆರೆ. ನನ್ನ ರವಿಕೆಗಳ ಅಳತೆ ಅವಳ ಬಾಯಲ್ಲಿದೆ. ಪಾಸ್‌ವರ್ಡ್ ಮಾತ್ರ ಸಂಜೆಯವರೆಗೂ ನಿಲ್ಲುವುದಿಲ್ಲ. ಮಗಳು ಬಳಸಿ ಬಿಟ್ಟ ಫೋನ್, ಗಾಜು ಒಡೆದದ್ದು. ಬೆರಳು ಒಂದು ಕಡೆ ಒತ್ತಿದರೆ ಅಕ್ಷರ ಇನ್ನೊಂದು ಕಡೆ ಮೂಡುತ್ತದೆ.

"ಅಕ್ಕ, ಬಟ್ಟೆ ಕೊಡಿ, ಕಣ್ಣು ಮುಚ್ಚಿಕೊಂಡು ಕತ್ತರಿಸ್ತೀನಿ. ಇದೇನೋ ನನ್ನ ನೋಡಿದ ಕೂಡಲೇ ಮುಖ ತಿರುಗಿಸುತ್ತೆ."

ನಗು ಬಂತು. ನಗಲಿಲ್ಲ.

ಜೂನ್ ೧೫

ಮಧ್ಯಾಹ್ನ ಹೊಲಿಗೆಯವಳು ತೋಳತುಂಬ ಹಾಸಿಗೆ ಬಟ್ಟೆ ಹಿಡಿದು ಯಂತ್ರದ ಕೋಣೆಗೆ ಬಂದಳು. ಗಂಡ ಎರಡು ವರ್ಷದಿಂದ ಹಾಸಿಗೆ ಹಿಡಿದವರು. ದಿನಕ್ಕೆ ಎರಡು ಸಲ ಬದಲಿಸಬೇಕು. ಅಲ್ಲಿ ನಾನಿದ್ದೆ, ಕಾರ್ಯದರ್ಶಿ ಇದ್ದರು, ಮೇಲಿನ ಮನೆಯ ಇಬ್ಬರು ಹೆಂಗಸರಿದ್ದರು.

"ಅಕ್ಕ, ಇವತ್ತೊಂದಿನ ನಿಮ್ಮ ಫೋನಿಂದ ಒತ್ತಿಬಿಡಿ. ಮನೇಲಿ ಒಣಗಿದ್ದು ಒಂದೂ ಉಳಿದಿಲ್ಲ, ಅವರು ಬರೀ ರಬ್ಬರ್ ಹಾಳೆ ಮೇಲೆ ಮಲಗಿದಾರೆ."

"ಇವತ್ತು ನಾನು ಒತ್ತಿದರೆ ನಾಳೆಯೂ ನಾನೇ ಒತ್ತಬೇಕು. ಮಾಡು. ಒಂದನೆಯ ಹಂತ."

ನಾಲ್ಕು ಸಲ ತಪ್ಪಿದಳು. ಐದನೆಯದಕ್ಕೆ ಆ್ಯಪ್ ಅರ್ಧ ಗಂಟೆ ಬೀಗ ಹಾಕಿಕೊಂಡಿತು. "ಗಮನವಿಲ್ಲ. ಗಮನವಿದ್ದರೆ ಎರಡನೆಯ ತರಗತಿಯ ಮಕ್ಕಳೂ ಮಾಡುತ್ತಾರೆ" ಎಂದೆ. ಎಲ್ಲರ ಎದುರು. ಅವಳು ಬಟ್ಟೆ ಬಾಚಿಕೊಂಡು ಮೇಲೆ ಹೋದಳು.

ನನ್ನ ಫೋನ್ ಅಷ್ಟು ಹೊತ್ತೂ ನನ್ನ ಕೈಯಲ್ಲೇ ಇತ್ತು.

ಜೂನ್ ೧೯

ಹೊಲಿಗೆಯವಳು ಬಾಗಿಲಲ್ಲೇ ಸಿಕ್ಕಳು. "ಪಾಠ ಸಾಕು ಅಕ್ಕ. ಮಗಳು ಬಂದಿದ್ದಾಗ ಹೇಳಿಕೊಟ್ಟಳು. ಬಂತು."

"ನಿಜವಾಗಿಯೂ?"

"ಬಂತು ಅಂದೆನಲ್ಲ."

ಪಟ್ಟಿ ತಂದು ಅವಳ ಎದುರಿಗೇ ಗುರುತು ಹಾಕಿದೆ. ಉಳಿದೆರಡು ಮನೆ ಮೊನ್ನೆಯೇ ಮುಗಿದಿದ್ದವು. ಹದಿನಾರಕ್ಕೆ ಹದಿನಾರು! ಶಾಲೆಯಲ್ಲೂ ಇಂತಹ ಫಲಿತಾಂಶ ಬಂದದ್ದಿಲ್ಲ. ಕಾರ್ಯದರ್ಶಿ ಪಟ್ಟಿಯನ್ನು ಯಂತ್ರದ ಕೋಣೆಯ ಗೋಡೆಗೆ ಅಂಟಿಸಿದರು.

ಜುಲೈ ೨, ಬೆಳಿಗ್ಗೆ ೬

ಮಾಳಿಗೆಯ ಮೇಲೆ ಕಾಲಿಡುವಂತಿಲ್ಲ. ಹೊಲಿಗೆಯವಳ ಬಟ್ಟೆಗಳಿಂದ ಒಂದೇ ಸಮ ನೀರು ತೊಟ್ಟಿಕ್ಕುತ್ತಿದೆ. ನನ್ನ ಓದುವ ಕುರ್ಚಿಯ ಕೆಳಗೂ ಕೆರೆ. ಶಿಸ್ತೆಂಬುದು ಬೇಡವೇ? ಅವಳಿಗೆ ಹೇಳಿದೆ. "ಒರೆಸ್ತೀನಿ ಅಕ್ಕ" ಎಂದಳು. ಕೈ ಬೆರಳುಗಳೆಲ್ಲ ಬಿಳಿಚಿ ಸುಕ್ಕಾಗಿದ್ದವು.

ಜುಲೈ ೯

ಹೊಲಿಗೆಯವಳು ಬಿದ್ದಳು. ಮಾಳಿಗೆಯ ಮೆಟ್ಟಿಲು; ಒದ್ದೆ ಬಟ್ಟೆಯ ಬಕೆಟ್ ಹೊತ್ತು ಹತ್ತುವಾಗ. ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿದೆ.

ಅವಳ ಮಗಳು ಓಡಿಬಂದು ಆಸ್ಪತ್ರೆಗೆ ಕರೆದೊಯ್ದಳು. ಅಷ್ಟು ಹೊತ್ತು ಹಾಸಿಗೆ ಹಿಡಿದ ಗಂಡನ ಬಳಿ ನಾನು ಕುಳಿತೆ. ಮೇಜಿನ ಮೇಲೆ ಅರ್ಧ ಕತ್ತರಿಸಿದ ನೀಲಿ ಬಟ್ಟೆ. ಕತ್ತರಿ ಬಾಯಿ ತೆರೆದುಕೊಂಡೇ ಬಿದ್ದಿತ್ತು. ಸ್ನಾನದ ಕೋಣೆಯಲ್ಲಿ ನೆನೆಹಾಕಿದ ಹಾಸಿಗೆ ಬಟ್ಟೆ, ಸವೆದು ಚಪ್ಪಟೆಯಾದ ಒಂದು ಬ್ರಷ್.

ಯಂತ್ರದಲ್ಲಿ ಒಗೆದ ಬಟ್ಟೆ ತೊಟ್ಟಿಕ್ಕುವುದಿಲ್ಲ. ಹಿಂಡಿಯೇ ಹೊರಗೆ ಬರುತ್ತದೆ. ನನಗೆ ಗೊತ್ತಿತ್ತು. ಸೂಚನಾ ಪತ್ರದ ಹನ್ನೊಂದನೆಯ ಹಂತದಲ್ಲಿ ನಾನೇ ಬರೆದಿದ್ದೇನೆ.

ಜುಲೈ ೧೩

ಮೆಕ್ಯಾನಿಕ್ ಯಂತ್ರ ನೋಡಲು ಬಂದಿದ್ದ. ಯಾವ ಮನೆಯವರು ಎಷ್ಟು ಸಲ ಬಳಸಿದ್ದಾರೆಂದು ತೋರಿಸಲು ಕೇಳಿದೆ. ಹೊಲಿಗೆಯವಳ ಮನೆಯ ಮುಂದೆ ಸೊನ್ನೆ.

"ಇವರಂಥವರಿಗೇ ಟೀಚರ್, ಕಾರ್ಡ್ ಇಡಿ ಅಂದಿದ್ದು."

ಕಾರ್ಡ್ ತಂದುಕೊಡು ಎಂದೆ. ಅವನು ಹೋದ ಮೇಲೆ ಕಾರ್ಯದರ್ಶಿ ದನಿ ತಗ್ಗಿಸಿದರು. "ನೀವು ಬೇಡ ಅಂತ ಬರೆದುಕೊಟ್ಟಿದ್ದು ನನ್ನ ಫೈಲಲ್ಲಿದೆ. ಯಾರಿಗೂ ಗೊತ್ತಿಲ್ಲ ಬಿಡಿ. ಕಂಪನಿಯವರು ಹೊಸದಾಗಿ ಕೊಟ್ರು ಅಂದ್ರೆ ಆಯ್ತು."

ಆಗದು ಎನ್ನಬೇಕಿತ್ತು. ಎನ್ನಲಿಲ್ಲ. ಬೇರೆಯವರ ಉತ್ತರ ನೋಡಿ ಬರೆದ ಮಕ್ಕಳನ್ನು ಬಾಗಿಲ ಹೊರಗೆ ನಿಲ್ಲಿಸಿದವಳು ನಾನು.

ಜುಲೈ ೧೪

ಗೋಡೆಯ ಪಟ್ಟಿ ಕಿತ್ತು ತಂದೆ. ಅಂಟು ಬಲವಾಗಿತ್ತು, ಬಣ್ಣವೂ ಎದ್ದು ಬಂತು.

ಹೊಲಿಗೆಯವಳ ಬಳಿ ಕುಳಿತಿದ್ದೆ. ಆರು ವಾರ ಪ್ಲಾಸ್ಟರ್. ಆಮೇಲೂ ಹೆಬ್ಬೆರಳಿಗೆ ಮೊದಲಿನ ಹಿಡಿತ ಬರುವುದೋ ಇಲ್ಲವೋ, ಡಾಕ್ಟರು ಹೇಳಲಾರರು. ಹೆಬ್ಬೆರಳಿಲ್ಲದೆ ಕತ್ತರಿಯಿಲ್ಲ. ಕತ್ತರಿಯಿಲ್ಲದೆ ಆ ಮನೆಯೇ ಇಲ್ಲ.

"ಬಂತು ಅಂತ ಯಾಕೆ ಸುಳ್ಳು ಹೇಳಿದೆ?"

"ಇನ್ನೇನು ಮಾಡ್ಲಿ ಅಕ್ಕ? ದಿನಾ ಎಲ್ಲರ ಮುಂದೆ ಬೈಸಿಕೊಳ್ಳೋದಕ್ಕಿಂತ ಬ್ರಷ್ಷೇ ವಾಸಿ ಅನ್ನಿಸ್ತು." ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲೆ ಸರಿಮಾಡಿಕೊಂಡು, "ನೀವೂ ಎಷ್ಟು ಖುಷಿಯಾಗಿ ಗುರುತು ಹಾಕಿದ್ರಿ!"

ತಪ್ಪು ನನ್ನದು ಎಂದು ಶುರುಮಾಡಿದೆ. "ಅಯ್ಯೋ ಬಿಡಿ ಅಕ್ಕ, ನನ್ನ ತಲೆಯೇ ಮೊದ್ದು" ಎಂದು ತಡೆದಳು. ತಡೆದದ್ದೇ ನೆಪವಾಗಿ ಮಾತು ನಿಲ್ಲಿಸಿಬಿಟ್ಟೆ. ಅವಳಿಗೆ ಕಾರ್ಡಿನ ವಿಷಯ ಗೊತ್ತಿಲ್ಲ.

ಜುಲೈ ೨೦, ಸಂಜೆ ೫

ಕಾರ್ಡ್ ಬಂತು. ನನ್ನ ಫೋನಿನಿಂದ ತುಂಬಿಸಿದೆ. ಅವಳ ಎಡಗೈಗೆ ಸಿಕ್ಕಿಸಲು ಅನುಕೂಲವಾಗಲೆಂದು ದಾರ ಕಟ್ಟಿದೆ. ಬಟ್ಟೆ ನಾನೇ ಹೊತ್ತೆ. ಇಬ್ಬರೂ ನಿಧಾನವಾಗಿ ಇಳಿದೆವು. ಪಟ್ಟಿಯಿದ್ದ ಜಾಗದಲ್ಲಿ ಗೋಡೆ ಬೋಳಾಗಿತ್ತು.

"ಈಗ ಏನು ಒತ್ತಬೇಕು ಅಕ್ಕ? ಬೈಬೇಡಿ ಮತ್ತೆ."

"ಏನೂ ಒತ್ತಬೇಡ. ತಾಗಿಸು."

ತಾಗಿಸಿದಳು. ಟಿಕ್ ಎಂದಿತು. ಬಾಗಿಲು ತೆರೆಯಿತು. ಒಂದು, ಎರಡು ಎಣಿಸುವಷ್ಟರಲ್ಲಿ.

ಅವಳು ಯಂತ್ರವನ್ನು ನೋಡಿದಳು. ಕೊರಳಿಗೆ ತೂಗುಬಿಟ್ಟ ಪ್ಲಾಸ್ಟರಿನ ಕೈ ನೋಡಿಕೊಂಡಳು.

"ಇಷ್ಟೇನಾ ಅಕ್ಕ?"

ಹೂಂ ಎಂದೆ.

"ಇದು... ಈಗ ಹೊಸದಾಗಿ ಬಂತಾ? ಇಲ್ಲಾ ಮೊದಲಿಂದಲೂ ಇತ್ತಾ?"

ಕಾರ್ಯದರ್ಶಿಯ ಬೀಗದ ಕೈಗಳ ಸದ್ದು ಮೆಟ್ಟಿಲಲ್ಲಿ ಕೇಳಿಸುತ್ತಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹೇಳಿದ್ದನ್ನು ಹೇಳಿದಂತೆಯೇ ಇಲ್ಲಿ ಬರೆಯಬೇಕು. ಹೇಳಿದ್ದು — "ಮೊದಲಿಂದಲೂ ಇತ್ತು; ಬೇಡವೆಂದು ಬರೆದುಕೊಟ್ಟವಳು ನಾನೇ."