ಇಸ್ತ್ರಿ ಮಾಡಿದ ಕಾಗದ

ಮಾರ್ಚ್ 14, ಗುರುವಾರ

ಅಕ್ಕನ ಮೂತ್ರಪಿಂಡ ಇನ್ನಷ್ಟು ಸೋತಿದೆ. ಹೀಗೇ ಹೋದರೆ ವರ್ಷದೊಳಗೆ ಡಯಾಲಿಸಿಸ್ ಅಂತೆ. ಅವಳು ದಿನಾ ಕಾಲುನೋವಿನ ಮಾತ್ರೆ ನುಂಗುತ್ತಾಳೆಂದು ತಿಳಿದು ಡಾಕ್ಟರ್ ಕೇಳಿದರು, "ಅದು ಬೇಡ ಅಂತ ಕಾಗದ ಕೊಟ್ಟಿದ್ದೆನಲ್ಲ, ಓದಲಿಲ್ವಾ ಅಮ್ಮಾ?"

"ಓದ್ದೆ ಸರ್," ಎಂದಳು.

ಅಕ್ಕನಿಗೆ ಅಕ್ಷರ ಬಾರದು. ಮನೆಗೆ ಬಂದು ಆ ಕಾಗದ ತೋರಿಸಿದಳು. ಇಸ್ತ್ರಿ ಅಂಗಡಿಯವಳಲ್ಲವೇ, ಒಂದು ಸುಕ್ಕೂ ಇಲ್ಲದಂತೆ ಇಸ್ತ್ರಿ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದಾಳೆ. ಏಳು ತಿಂಗಳಿಂದ ಅದನ್ನು ಯಾರೂ ಓದಿ ಹೇಳಿಲ್ಲ.

"ಅಲ್ಲಾ ಅಕ್ಕ, ನನ್ನ ಕೇಳಬಾರದಿತ್ತಾ?"

"ನೀನು ಪೇಪರಿಂದ ತಲೆ ಎತ್ತಿದರೆ ತಾನೆ? ಪ್ರಪಂಚದ ಸುದ್ದಿಯೆಲ್ಲ ಮುಗಿದ ಮೇಲೆ ನನ್ನ ಸರದಿ."

ಎರಡು ಸಲ ಓದಿ ಹೇಳಿದೆ. ಮೂರನೇ ಸಲ ಅವಳೇ ಹೇಳಿದಳು, ಹನ್ನೊಂದು ಸಾಲೂ, ಒಂದು ಪದ ತಪ್ಪದೆ. ನನ್ನನ್ನು ನೋಡಿಕೊಳ್ಳಲೆಂದು ಎರಡನೇ ತರಗತಿಗೇ ಶಾಲೆ ಬಿಡಿಸಿದ್ದು ಇವಳನ್ನು.

ಆಮೇಲೆ ಉಳಿದ ಮಾತ್ರೆಗಳನ್ನೆಲ್ಲ ನನ್ನ ಕೈಗೆ ಸುರಿದಳು. "ಮತ್ತೆ ಕಾಲುನೋವಿಗೆ ಏನು ಮಾಡ್ಬೇಕು ಅಂತ ಇದರಲ್ಲಿ ಬರೆದಿಲ್ವೇನೋ?"

ಬರೆದಿಲ್ಲ. ಡಾಕ್ಟರನ್ನೇ ಕೇಳಬೇಕು. ಅಂಗಡಿಗೊಂದು ಎತ್ತರದ ಸ್ಟೂಲು ಹುಡುಕಬೇಕು, ಕೂತೇ ಇಸ್ತ್ರಿ ಮಾಡುವಂಥದ್ದು. ಇಲ್ಲವಾದರೆ ಮೇಜಿನ ಕಾಲುಗಳನ್ನೇ ಒಂದಿಷ್ಟು ಕೊಯ್ಸಿ ತಗ್ಗಿಸಬೇಕು.