ಕಪ್ಪಾದ ಕೋಶ

ನೀನು ಓದುವುದಿಲ್ಲವೆಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ ಕಣೇ. ನೀನು ಹುಳು ತರುತ್ತಿದ್ದ ಕಾಡಂಚಿನ ಅದೇ ಪೊದೆಯಿಂದ ಒಂದು ಕಂಬಳಿಹುಳು ತಂದು ಬಾಟಲಿಯಲ್ಲಿ ಸಾಕಿದ್ದೆ. ಅದು ಕೋಶವಾಗಿ ಹನ್ನೊಂದು ದಿನ. ಹುಳು ಚಿಟ್ಟೆಯಾಗುವುದಕ್ಕೆ ಕಾಲೇಜಿನಲ್ಲಿ ಓದಿದ ಹೆಸರು ‘ಮೆಟಮಾರ್ಫ...’ ಏನೋ, ಬಾಲ ಮರೆತಿದೆ. ಈ ಬೆಳಿಗ್ಗೆ ನೋಡಿದರೆ ಕೋಶ ಕಪ್ಪಾಗಿತ್ತು. ಕೊಳೆತಿದೆಯೆಂದು ಕಸದಬುಟ್ಟಿಯ ಮೇಲೆ ಬಾಟಲಿ ಬಗ್ಗಿಸಿದೆ.

ನಿನ್ನ ತಂಗಿ ಓಡಿಬಂದು ಕೈ ಹಿಡಿದಳು. “ಭಾವ, ಕೊಳೆತಿರೋದು ನಿಮ್ಮ ತಲೆ! ಅದು ಒಳಗಿನ ರೆಕ್ಕೆ ಕಾಣ್ತಿರೋದು. ಇವತ್ತೇ ಹೊರಗೆ ಬರುತ್ತೆ.”

ಬಾಟಲಿಯನ್ನು ಮೇಜಿನ ಮೇಲಿಟ್ಟೆ. ಇಬ್ಬರೂ ಅದರ ಮುಂದೆ ಕೂತೆವು. ಮಧ್ಯಾಹ್ನ ಕೋಶ ಸೀಳಿತು. ಮುದುಡಿದ ಒದ್ದೆ ರೆಕ್ಕೆ ಎಷ್ಟು ಹೊತ್ತಾದರೂ ಬಿಚ್ಚಲೊಲ್ಲದು. ಕೊನೆಗೆ ಬಿಚ್ಚಿತು: ಹೊರಗೆ ಒಣಗಿದೆಲೆ, ಒಳಗೆ ಅಚ್ಚ ನೀಲಿ.

ನಿನ್ನ ನೋಟ್‌ಬುಕ್ ತಿರುವುತ್ತಿದ್ದ ಅವಳು, “ಅಕ್ಕ ಹಳದಿ ಅಂತ ಬರೆದಿದ್ದಾಳಲ್ಲ?” ಎಂದಳು.

ನೀನು ಆಸ್ಪತ್ರೆಯಲ್ಲಿದ್ದಾಗ ನೀನು ಸಾಕಿದ್ದ ಕೋಶವೂ ಹೀಗೇ ಕಪ್ಪಾಗಿತ್ತು. ಆಗ ಬಾಟಲಿ ಬಗ್ಗಿಸಿದ ನನ್ನ ಕೈ ಹಿಡಿಯುವವರು ಯಾರೂ ಇರಲಿಲ್ಲ. “ಹಾರಿತಾ? ಯಾವ ಬಣ್ಣ?” ಎಂದು ಕೇಳಿದೆ ನೀನು. ಬಾಯಿಗೆ ಬಂದ ಬಣ್ಣ ಹೇಳಿದೆ. ನೀನು ದಿಂಬಿಗೊರಗಿ ಬರೆದುಕೊಂಡೆ, ನಗುತ್ತ.

“ಅಕ್ಕ ತಪ್ಪು ಬರೆಯೋಳಲ್ಲ,” ಎಂದಳು ನಿನ್ನ ತಂಗಿ. “ಹಾಗಾದ್ರೆ ಆ ಪೊದೇಲಿ ಎರಡು ಜಾತಿ ಇವೆ, ಅಲ್ವಾ ಭಾವ?”

ಇರಬಹುದು ಎಂದೆ. ಅವಳೂ ಹಾಗೇ ಬರೆದುಕೊಂಡಳು.