ಕೊನೆಯ ಸಂಭಾಷಣೆ, ಎರಡನೆಯ ಸಲ

ಶಿಮೆನ್‌ಕೌ, ಹುನಾನ್
೧೬ ಏಪ್ರಿಲ್ ೧೯೯೯

ಮಾನ್‌ತಿಂಗ್‌ಳ ಅಪ್ಪನಿಗೆ,

ಮೊಣಕಾಲು ಹೇಗಿದೆ? ಶಿನ್‌ಜಿಯಾಂಗಿನ ಚಳಿಗೆ ಇನ್ನೂ ನೋಯುತ್ತಿದ್ದರೆ ಸೇತುವೆಯ ಕಂಬ ಹತ್ತಬೇಡಿ, ಕೆಳಗಿನ ಕೆಲಸ ಕೇಳಿ ಪಡೆಯಿರಿ. ದಿನಾ ಕುರಿಮಾಂಸ ತಿಂದು ನಾಲಿಗೆ ಜಡ್ಡುಗಟ್ಟಿದೆ ಎಂದಿದ್ದಿರಿ. ಮೆಣಸಿನ ಚಟ್ನಿ ಕಳಿಸಿದ್ದೇನೆ, ಜೊತೆಯವರಿಗೆಲ್ಲ ಹಂಚಿ ಮುಗಿಸಬೇಡಿ. ನಾವಿಬ್ಬರೂ ಚೆನ್ನಾಗಿದ್ದೇವೆ.

ನಿಮಗೆ ಹೇಳದೆ ಇಟ್ಟುಕೊಂಡಿದ್ದ ಮಾತೊಂದಿದೆ. ನಾನು ಶಾಲೆಯ ಅಡುಗೆಮನೆ ಸೇರಿ ಏಳು ವರ್ಷವಾಯಿತು. ಮಗಳು ಅದೇ ಶಾಲೆಗೆ ಬಂದ ಈ ಮೂರು ವರ್ಷದಲ್ಲಿ ಒಂದು ದಿನವೂ ನಾನು ಬಡಿಸುವ ಕಿಟಕಿಗೆ ತಟ್ಟೆ ಹಿಡಿದು ಬಂದವಳಲ್ಲ. "ಅಮ್ಮ, ಶಾಲೇಲಿ ನನ್ನ ಹೆಸರು ಹಿಡಿದು ಕರೀಬೇಡ" ಎಂದು ಮೊದಲ ವಾರವೇ ಹೇಳಿದ್ದಳು. ನಾನು ಕರೆಯಲಿಲ್ಲ.

ನಿನ್ನೆ ಒಂಬತ್ತನೆಯ ತರಗತಿಗೆ ಜಿಲ್ಲೆಯ ಅಣಕು ಪರೀಕ್ಷೆ. ಇಂಗ್ಲಿಷಿನಲ್ಲಿ ಕೇಳಿ ಉತ್ತರಿಸುವ ಭಾಗಕ್ಕೆ ಮೂವತ್ತು ಅಂಕ. ಓದಿ ಉತ್ತರಿಸುವುದರಲ್ಲಿ ಮಾನ್‌ತಿಂಗ್ ಹುಲಿ, ಕೇಳುವುದರಲ್ಲಿ ಹೋದ ಸಲ ಹದಿಮೂರು. ಈ ಸಲ ಇಪ್ಪತ್ತು ದಾಟದಿದ್ದರೆ ಶಿಕ್ಷಕರ ತರಬೇತಿ ಶಾಲೆಗೆ ಅವಳ ಹೆಸರು ಹೋಗುವುದಿಲ್ಲ ಎಂದು ಇಂಗ್ಲಿಷ್ ಹೇಳಿಕೊಡುವ ಪೆಂಗ್ ಮೇಷ್ಟ್ರು ಹೇಳಿಬಿಟ್ಟಿದ್ದರು. ಟೇಪು ಓಡುವುದು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ, ದನಿ ಬರುವುದು ಎಲ್ಲ ತರಗತಿಯ ಧ್ವನಿವರ್ಧಕಗಳಲ್ಲಿ. ಪ್ರತಿ ಸಂಭಾಷಣೆ ಎರಡು ಸಲ. ಕೊನೆಯದಕ್ಕೇ ಹತ್ತು ಅಂಕ: ಹೆಂಗಸೊಬ್ಬಳು ರೈಲು ನಿಲ್ದಾಣಕ್ಕೆ ಫೋನು ಮಾಡಿ ಕಳೆದುಹೋದ ಚೀಲದ ವಿಷಯ ಕೇಳುತ್ತಾಳೆ. ಮೊದಲ ಸಲ ಮುಗಿಯಿತು. ಎರಡನೆಯ ಸಲ ಶುರುವಾಗುತ್ತಿದ್ದಂತೆ ಕುಯ್ಯೆಂದು ಎಳೆದು ನಿಂತಿತು. ಯಂತ್ರ ಟೇಪನ್ನು ಜಗಿದುಬಿಟ್ಟಿತ್ತು. ಬೇರೆ ಟೇಪಿಲ್ಲ, ಬರಹದ ಪ್ರತಿ ಜಿಲ್ಲಾ ಕಚೇರಿಯಲ್ಲಿ.

ನಾನು ಬಿಸಿನೀರಿನ ಫ್ಲಾಸ್ಕು ಹಿಡಿದು ಆ ಕೋಣೆಯ ಬಾಗಿಲಲ್ಲೇ ನಿಂತು ಮೊದಲ ಸಲದ್ದನ್ನು ಕೇಳಿದ್ದೆ. ಪೆಂಗ್ ಮೇಷ್ಟ್ರು "ನಂಗೆ ಅರ್ಧ ನೆನಪಿದೆ, ಅರ್ಧ ಇಲ್ಲ" ಎಂದು ತಲೆ ಹಿಡಿದುಕೊಂಡರು. "ನಂಗೆ ಪೂರ್ತಿ ನೆನಪಿದೆ, ಹೇಳ್ಲಾ?" ಎಂದು ನನ್ನ ಬಾಯಿ ಆಡಿಬಿಟ್ಟಿತು. ಏಳು ವರ್ಷ ದಿನಾ ಮಧ್ಯಾಹ್ನ ಇಂಥದೇ ಟೇಪು ಕೇಳುತ್ತ ಸೊಪ್ಪು ತೊಳೆದವಳು ನಾನು. ಅದರ ಹಿಂದೆಯೇ ದನಿಗೆ ದನಿ ಗುನುಗಿ ಅಭ್ಯಾಸ. ಇಂಗ್ಲಿಷಿನ ಒಂದು ಅಕ್ಷರ ಓದಲು ಬಾರದಿದ್ದರೇನು. ಜಿಲ್ಲೆಯಿಂದ ಬಂದ ತಪಾಸಣಾಧಿಕಾರಿ ನಕ್ಕರು: "ಅಡುಗೆಯವಳು ಇಂಗ್ಲಿಷ್ ಬಡಿಸ್ತಾಳಾ? ಉಪ್ಪು ಜಾಸ್ತಿಯಾದೀತು ಕಣಮ್ಮ." "ಮೊದ್ಲು ರುಚಿ ನೋಡಿ ಸಾರ್" ಎಂದು ಮೊದಲ ಎರಡು ಸಾಲು ಹೇಳಿದೆ. ಆಮೇಲೆ ಮೈಕು ನನ್ನ ಕಡೆ ತಿರುಗಿಸಿದವರು ಅವರೇ.

ಬಾಯಿ ತೆರೆಯುವಾಗ ಮಾನ್‌ತಿಂಗ್ ಕಣ್ಣ ಮುಂದೆ ಬಂದಳು. ನನ್ನ ದನಿ ಯಾರದೆಂದು ಇಡೀ ಶಾಲೆಗೆ ಗೊತ್ತು. ತಗ್ಗಿಸಿ ಹೇಳಲೇ ಅನಿಸಿತು. ಆದರೆ ಸಂಭಾಷಣೆಯಲ್ಲಿ ರೈಲು ಬರುವುದು ಫೈವ್ ಫಿಫ್ಟೀನಿಗೆ. ಪದದ ಬಾಲ ನುಂಗಿದರೆ ಮಕ್ಕಳಿಗೆ ಫಿಫ್ಟಿ ಎಂದು ಕೇಳುತ್ತದೆ. ಗಂಟಲು ಬಿಚ್ಚಿ ಹೇಳಿದೆ, ಹೆಂಗಸಿನ ಮಾತೂ ನಾನೇ, ಗಂಡಸಿನ ಮಾತೂ ನಾನೇ.

ಮಧ್ಯಾಹ್ನ ಬರಹದ ಪ್ರತಿ ಬಂತು. ಹೋಲಿಸಿ ನೋಡಿದರೆ ಒಂದು 'ಪ್ಲೀಸ್' ಮಾತ್ರ ಹೆಚ್ಚಾಗಿತ್ತಂತೆ. "ಅದು ಆಯಮ್ಮನ ಮರ್ಯಾದೆ, ಇರ್ಲಿ ಬಿಡಿ" ಎಂದು ಅಧಿಕಾರಿ ಪರೀಕ್ಷೆಗೆ ಒಪ್ಪಿಗೆ ಹಾಕಿದರು. ಇವತ್ತು ಅಂಕ ಬಂತು. ಮಾನ್‌ತಿಂಗ್‌ಗೆ ಇಪ್ಪತ್ನಾಲ್ಕು.

ಅದಕ್ಕಿಂತ ದೊಡ್ಡದು ನಿನ್ನೆ ಊಟದ ಹೊತ್ತಿನದು. ತಲೆ ಎತ್ತಿದರೆ ಕಿಟಕಿಯಲ್ಲಿ ನಮ್ಮ ಮಗಳು. "ಅಮ್ಮ, ಟೊಮೆಟೊ ಮೊಟ್ಟೆ ಇನ್ನೊಂಚೂರು ಹಾಕು." ಹಿಂದಿದ್ದ ಹುಡುಗಿ "ಇವ್ರು ನಿಮ್ಮಮ್ಮನಾ?" ಎಂದಳು. "ಮತ್ತೆ, ನಿಮ್ಮಮ್ಮನಾ?" ಎಂದಳು ಇವಳು. ಸೌಟು ಕೈಜಾರಿ ಅರ್ಧ ಪಲ್ಯ ನನ್ನ ಏಪ್ರನ್ನಿಗೇ ಬಿತ್ತು.

ಮೈ ನೋಡಿಕೊಳ್ಳಿ. ನಿಮ್ಮ ಡೇರೆಯ ಗೆಳೆಯರನ್ನು ಕೇಳಿದೆನೆಂದು ಹೇಳಿ.

ನಿಮ್ಮ
ಸೂಲಿಯನ್

ತಾ.ಕ.: ಅಂಚೆಯವನು ಕಾಯುತ್ತಿದ್ದಾನೆ. ಬರುವ ಸೋಮವಾರದಿಂದ ಬೆಳಗಿನ ಇಂಗ್ಲಿಷ್ ಓದಿನ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ನಾನೂ ಕೂರುತ್ತೇನೆ, ಎ ಬಿ ಸಿಯಿಂದ. ನಿಮ್ಮನ್ನು ಕೇಳದೆ ಒಪ್ಪಿಕೊಂಡೆ. ಬೈಯುವುದಿದ್ದರೆ ಪತ್ರದಲ್ಲಿ ಬೈಯಿರಿ, ಫೋನಿರುವುದು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ. ಹೆಸರು ಕೊಟ್ಟವಳು ನಾನಲ್ಲ. ಪೆಂಗ್ ಮೇಷ್ಟ್ರು ಹಾಜರಿ ಪುಸ್ತಕ ತೋರಿಸಿದರು; ತನ್ನ ಹೆಸರಿನ ಕೆಳಗೆ ನನ್ನದನ್ನು ಮಾನ್‌ತಿಂಗ್ ತಾನೇ ಬರೆದಿದ್ದಾಳೆ.